ಆಯ್ತಕ್ಕನೂ ಬಚ್ಚಲ ಬಾಗಿಲೂ

ಬೀದಿಯವರು ಅವಳ ಬಗ್ಗೆ ಹೇಳುತ್ತಿದ್ದದ್ದು ಇಷ್ಟು: “ಚಂದ್ರನಿಗೊಂದು ಕೋಟ್ ಬಣ್ಣ ಬಳಿದು ಕೊಡಮ್ಮಾ ಅಂದ್ರೂ ‘ಆಯ್ತು’ ಅಂತಾಳೆ. ಏಣಿ ಎಲ್ಲಿದೆ ಅಂತ ಆಮೇಲೆ ಹುಡುಕ್ತಾಳೆ.” ಎದುರು ಮನೆಯ ದರ್ಜಿಯ ಮಾತು ಇನ್ನೂ ಖಾರ. “ಆಕೆ ಬಾಯಲ್ಲಿ ‘ಇಲ್ಲ’ ಅನ್ನೋದು ಹುಟ್ಟಲೇ ಇಲ್ಲ. ಹಲ್ಲು ಹುಟ್ಟೋದ್ರಲ್ಲೇ ಜಾಗ ಮುಗಿದಿರ್ಬೇಕು” ಎನ್ನುತ್ತಿದ್ದ. ಹಾಗೆಂದವನೇ ಮರುದಿನ ಬಂದು, “ಅಂಗಡಿ ಬಾಗಿಲಿಗೆ ಸ್ವಲ್ಪ ಬಣ್ಣ…” ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಅವಳು “ಆಯ್ತು” ಎನ್ನುತ್ತಿದ್ದಳು. ಹೀಗೆ ಅಂದು ಅಂದು, ಹೆತ್ತವರು ಇಟ್ಟ ಹೆಸರು ಹಳೆಯ ಕಾಗದಗಳಲ್ಲಿ ಉಳಿಯಿತು. ಬೀದಿಯಲ್ಲಿ ಅವಳು ಆಯ್ತಕ್ಕ ಆದಳು. ಅವಳಿಗಿಂತ ದೊಡ್ಡವರೂ ಹಾಗೆಯೇ ಕರೆಯುತ್ತಿದ್ದರು, ಅತ್ತೆಯೊಬ್ಬರನ್ನು ಬಿಟ್ಟು. ಅತ್ತೆ ಅವಳನ್ನು “ಏ ಇವಳೇ” ಎಂದು ಕರೆಯುತ್ತಿದ್ದರು.

ಈ ‘ಆಯ್ತು’ ಬರೀ ಒಳ್ಳೆಯತನದಿಂದ ಹುಟ್ಟಿದ್ದಲ್ಲ. ಮನೆ ತುಂಬ ಜನರಿದ್ದಲ್ಲಿ ಹಿರಿಮಗಳಾಗಿ ಬೆಳೆದವಳು. ಅಡುಗೆಮನೆಯಿಂದ ಅಮ್ಮ ಕೂಗುವಳು, ಜಗಲಿಯಿಂದ ಅಜ್ಜಿ ಕೂಗುವಳು, ಮಹಡಿಯಿಂದ ಚಿಕ್ಕಪ್ಪ ಕೂಗುವನು. “ಆಯ್ತು” ಎಂದರೆ ಕೂಗು ನಿಲ್ಲುತ್ತದೆ ಎಂಬುದನ್ನು ಹುಡುಗಿ ಬಹಳ ಬೇಗ ಕಂಡುಕೊಂಡಳು. ಕೆಲಸ ಆಗುವುದು ಬಿಡುವುದು ಆಮೇಲಿನ ಮಾತು. ಸದ್ಯಕ್ಕೆ ಕಿವಿಗೆ ನೆಮ್ಮದಿ.

ಬಣ್ಣದ ಕೆಲಸ ಅವಳಿಗೆ ಸಿಕ್ಕಿದ್ದೂ ಹಾಗೆಯೇ. ಮದುವೆಯಾದ ಹೊಸತರಲ್ಲಿ ಒಬ್ಬ ಮೇಸ್ತ್ರಿಯ ತಂಡಕ್ಕೆ ನೀರು ಹೊರಲು ಹೋಗುತ್ತಿದ್ದಳು. ಒಂದು ದಿನ ಅಂಚು ಎಳೆಯುವವನು ಕೈಕೊಟ್ಟ. ಗೋಡೆಯ ಬಣ್ಣ ಎಲ್ಲಿ ಮುಗಿದು ಚಾವಣಿಯ ಬಿಳಿ ಎಲ್ಲಿ ಶುರುವಾಗುತ್ತದೋ ಆ ಗೆರೆ ಎಳೆಯುವುದು ಎಲ್ಲರಿಗೂ ಬರುವ ಕೆಲಸವಲ್ಲ. ಮೇಸ್ತ್ರಿ ಸುತ್ತ ನೋಡಿ, “ಏನಮ್ಮಾ, ನೀನು ಎಳೀತೀಯಾ?” ಎಂದು ತಮಾಷೆಗೆ ಕೇಳಿದರು. ಅವಳು “ಆಯ್ತು” ಎಂದುಬಿಟ್ಟಳು. ಎಂದಮೇಲೆ ಏಣಿ ಹತ್ತಲೇಬೇಕಾಯಿತು. ಹತ್ತಿದವಳು ಉಸಿರು ಬಿಗಿಹಿಡಿದು ಈ ಮೂಲೆಯಿಂದ ಆ ಮೂಲೆಗೆ ಗೆರೆ ಎಳೆದಳು. ಮೇಸ್ತ್ರಿ ಕೆಳಗಿನಿಂದ ತಲೆಯೆತ್ತಿ ಬಹಳ ಹೊತ್ತು ನೋಡಿದರು. “ನಾಳೆಯಿಂದ ನೀರು ಬೇರೆಯವರು ಹೊರಲಿ” ಎಂದಷ್ಟೇ ಹೇಳಿದರು. ಅಂದಿನಿಂದ ಅವಳ ಜೀವನ ಏಣಿಯ ಮೇಲೆ. ಕೆಳಗಿನ ತಾಪತ್ರಯಗಳೆಲ್ಲ, ಅಂದರೆ ಮನೆಯವರ ಜೊತೆ ಮಾತು, ಬಡಗಿಯ ಮುನಿಸು, ನಲ್ಲಿಯವನ ನೆಪ, ಇವೆಲ್ಲ ಮೇಸ್ತ್ರಿಯ ತಲೆಯ ಮೇಲೆ.

ಆ ಮೇಸ್ತ್ರಿಗೂ ಒಂದು ಪದವಿತ್ತು: “ನೋಡೋಣ.” ಮನೆಯವರು ಏನೇ ಕೇಳಲಿ, ಅವರು ಗೋಡೆಯನ್ನು ದಿಟ್ಟಿಸಿ, ಗಲ್ಲ ಸವರಿಕೊಂಡು, “ನೋಡೋಣ” ಎನ್ನುತ್ತಿದ್ದರು. ಮನೆಯವರಿಗೆ ಅರ್ಥವಾಗುತ್ತಿತ್ತು, ಇದು ಆಗುವ ಮಾತಲ್ಲ ಎಂದು.

ಹೀಗಿರುವಾಗ ಮೇಸ್ತ್ರಿಯ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆಯಿತು. ಧೂಳಿನ ಹತ್ತಿರ ಸುಳಿಯಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಆಗಲೇ ಒಪ್ಪಿಕೊಂಡ ಒಂದು ಮನೆ ಬಾಕಿಯಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದ ಮೇಸ್ತ್ರಿ ಅವಳನ್ನು ಕರೆಸಿದರು.

“ನರ್ಸಮ್ಮನ ಮನೆ ನೀನೇ ನೋಡ್ಕೋಬೇಕು ಕಣಮ್ಮ.”

“ಬಣ್ಣ ತಾನೇ? ಆಯ್ತು.”

“ಬಣ್ಣ ಅಲ್ಲ. ಪೂರ್ತಿ ಮನೆ. ಗಾರೆ, ಮರ, ನಲ್ಲಿ, ಬಣ್ಣ, ಎಲ್ಲಾ. ಅವರ ಹತ್ರ ಮಾತಾಡೋದೂ ನೀನೇ.”

ಅವಳು ‘ನನ್ನಿಂದಾಗಲ್ಲ ಮೇಸ್ತ್ರೀ’ ಎನ್ನಬೇಕೆಂದು ಬಾಯಿ ತೆರೆದಳು. ಬಾಯಿಗೆ ಗೊತ್ತಿದ್ದದ್ದು ಒಂದೇ ಪದ. ಅದೇ ಹೊರಬಂತು.

ಮನೆಗೆ ಬಂದು ಹೇಳಿದಾಗ ಅತ್ತೆ ಪಾತ್ರೆ ಒರೆಸುವುದನ್ನು ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ನೀನಾ? ಮೇಸ್ತ್ರಿನಾ? ಬಡಗಿ ‘ಸ್ವಲ್ಪ ಈ ಹಲಗೆ ಹಿಡ್ಕೊಳಿ’ ಅಂದ್ರೆ ಸಂಜೆ ತನಕ ಹಿಡ್ಕೊಂಡು ನಿಂತಿರ್ತೀಯ!” ಪಾಳಿ ಮುಗಿಸಿ ಬಂದು ಮಲಗಿದ್ದ ಗಂಡ ಚಾದರದೊಳಗಿಂದಲೇ ನಕ್ಕ. ಅವಳೂ ನಕ್ಕಳು. ಆದರೆ ನಗು ಗಂಟಲಿನಿಂದ ಕೆಳಗಿಳಿಯಲಿಲ್ಲ.

ನರ್ಸಮ್ಮನ ಮನೆ ಎರಡು ಬೀದಿ ದಾಟಿದರೆ ಸಿಗುತ್ತಿತ್ತು. ಎರಡು ಕೋಣೆ, ಒಂದು ನಡುಮನೆ, ಸಣ್ಣ ಅಡುಗೆಮನೆ, ಹಿಂದೆ ಬಚ್ಚಲು. ಮುಂಬಾಗಿಲಲ್ಲಿ ಎತ್ತರದ ಮೆಟ್ಟಿಲು, ಎಲ್ಲ ಬಾಗಿಲುಗಳೂ ಇಕ್ಕಟ್ಟು. ನರ್ಸಮ್ಮ ಆಸ್ಪತ್ರೆಯಲ್ಲಿ ಬಹಳ ವರ್ಷದಿಂದ ದುಡಿಯುತ್ತಿರುವವರು, ಮದುವೆಯಾಗದವರು, ಮಾತು ಕಡಿಮೆ, ನಡಿಗೆ ಬಿರುಸು. ಅವರ ತಮ್ಮ ಬಸ್ ಡ್ರೈವರ್. ಜೀವಮಾನವೆಲ್ಲ ಕಿಕ್ಕಿರಿದ ರಸ್ತೆಗಳಲ್ಲಿ ಬಸ್ ಓಡಿಸಿ ಒಂದು ಗೀರೂ ಮಾಡದವನು, ಮನೆಯಲ್ಲಿ ಬಲ್ಬ್ ಬದಲಿಸಲು ಸ್ಟೂಲ್ ಹತ್ತಿ ಬಿದ್ದ. ಬೆನ್ನಿಗೆ ಪೆಟ್ಟಾಯಿತು. ಕಾಲುಗಳು ಮಾತು ಕೇಳುವುದನ್ನು ಬಿಟ್ಟವು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದವನನ್ನು ಈಗ ಗಾಲಿಕುರ್ಚಿಯಲ್ಲಿ ಮನೆಗೆ ಕಳಿಸುತ್ತಾರೆ.

“ಅವನದ್ದು ಒಂದೇ ಷರತ್ತು” ಎಂದರು ನರ್ಸಮ್ಮ, ಬಚ್ಚಲ ಮುಂದೆ ನಿಂತು. “‘ಬಚ್ಚಲಿಗೆ ನಾನೇ ಹೋಗಿ, ನಾನೇ ಬಾಗಿಲು ಹಾಕ್ಕೊಂಡು, ನಾನೇ ಬರೋ ಹಾಗಿದ್ರೆ ಮನೆಗೆ ಬರ್ತೀನಿ. ಇಲ್ಲಾಂದ್ರೆ ಯಾವುದಾದ್ರೂ ಆರೈಕೆ ಮನೆಗೆ ಸೇರಿಸ್ಬಿಡು. ಅಕ್ಕನ ಕೈಲಿ ಬಚ್ಚಲಿಗೆ ಎತ್ತಿಸ್ಕೊಂಡು ಹೋಗೋನಲ್ಲ ನಾನು’ ಅಂತ ಕೂತಿದಾನೆ. ಹಠಮಾರಿ. ಶುಕ್ರವಾರ ಕಳಿಸ್ತಾರಂತೆ, ಈ ವಾರ ಅಲ್ಲ, ಬರೋ ವಾರ. ಅಷ್ಟರೊಳಗೆ ಆಗುತ್ತಾ?”

“ಆಯ್ತು ಸಿಸ್ಟರ್.”

ನರ್ಸಮ್ಮ ಅವಳ ಮುಖ ನೋಡಿದರು. “ಆಗುತ್ತಾ ಅಂತ ಕೇಳಿದೆ.”

“ಹ್ಞೂಂ ಸಿಸ್ಟರ್, ಆಯ್ತು.”

ಕೆಲಸ ಶುರುವಾಯಿತು. ಮೊದಲೆರಡು ದಿನ ಚೆನ್ನಾಗಿಯೇ ನಡೆಯಿತು. ಮೆಟ್ಟಿಲು ಒಡೆದು ಇಳಿಜಾರು ಕಟ್ಟಿದರು. ಬಚ್ಚಲ ಬಾಗಿಲು ಅಗಲ ಮಾಡಲು ಗೋಡೆ ಕೊರೆದರು. ಆಮೇಲೆ ಎಲ್ಲರೂ ಅವಳನ್ನೇ ಕೇಳತೊಡಗಿದರು. ನಲ್ಲಿಯವನು, “ಈ ಪೈಪು ಎಡಕ್ಕಾ ಬಲಕ್ಕಾ?” ಎಂದ. ಗಾರೆಯವನು, “ಮರಳು ಬಂದಿಲ್ಲ, ಕೂತ್ಕೊಳ್ಲಾ?” ಎಂದ. ಬಡಗಿಯದು ಇನ್ನೊಂದು ಗೋಳು. ಅವನಿಗೂ ನಲ್ಲಿಯವನಿಗೂ ಹಳೆಯ ಮುನಿಸು. ಇಬ್ಬರೂ ಒಂದೇ ಬಚ್ಚಲಲ್ಲಿ ನಿಂತುಕೊಂಡೇ ಒಬ್ಬನ ಮಾತನ್ನು ಇನ್ನೊಬ್ಬನಿಗೆ ಅವಳ ಮೂಲಕ ಹೇಳಿಸುತ್ತಿದ್ದರು.

“ಅಕ್ಕಾ, ಅವನಿಗೆ ಹೇಳಿ, ನನ್ನ ಚೌಕಟ್ಟಿನ ಮೇಲೆ ಕಾಲಿಡೋದು ಬೇಡ ಅಂತ.”

“ಅಕ್ಕಾ, ಇವನಿಗೆ ಹೇಳಿ, ಚೌಕಟ್ಟು ಅವರಪ್ಪನ ಮನೆ ಸಿಂಹಾಸನ ಅಲ್ಲ ಅಂತ.”

ಅವಳಿಗೆ ತಲೆ ಗಿರ್ರೆಂದಿತು. ಆಗ ಅವಳು ಮಾಡಿದ್ದು ಏನು ಗೊತ್ತೇ? ಏಣಿ ತಂದು, ರೋಲರ್ ಹಿಡಿದು, ಒಳಗಿನ ಕೋಣೆಗೆ ಬಣ್ಣ ಹೊಡೆಯತೊಡಗಿದಳು. ಬಚ್ಚಲು ಇನ್ನೂ ಒಡೆದು ಬಿದ್ದಿದೆ, ಧೂಳು ಹಾರುತ್ತಿದೆ, ಬಣ್ಣಕ್ಕೆ ಇನ್ನೂ ಕಾಲ ಬಂದಿಲ್ಲ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಏಣಿಯ ಮೇಲೆ ಯಾರೂ ಎಡಕ್ಕಾ ಬಲಕ್ಕಾ ಎಂದು ಕೇಳುವುದಿಲ್ಲ. ರೋಲರ್ ಹೋದಲ್ಲಿ ಗೋಡೆ ಹಸನಾಗುತ್ತದೆ. ಗೊತ್ತಿಲ್ಲದ ಕೆಲಸಕ್ಕೆ ಹೆದರಿದವರು ಗೊತ್ತಿರುವ ಕೆಲಸದೊಳಗೆ ಹೋಗಿ ಬಚ್ಚಿಟ್ಟುಕೊಳ್ಳುತ್ತಾರಲ್ಲ, ಹಾಗೆ. ಕೆಳಗಿನಿಂದ ಯಾರಾದರೂ ಕೂಗಿದರೆ ಅಲ್ಲಿಂದಲೇ “ಆಯ್ತು”.

ಅವಳು ಹಾಗೆ ಏಣಿಯ ಮೇಲಿದ್ದಾಗಲೇ ನರ್ಸಮ್ಮನ ಫೋನು ಬಂತು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು. ಕೈಯಲ್ಲಿ ರೋಲರ್, ಬಣ್ಣ ತೊಟ್ಟಿಕ್ಕುವ ಮೊದಲು ಗೋಡೆಗೆ ತಾಗಿಸಬೇಕು.

“ನೋಡಮ್ಮ, ಇಲ್ಲಿ ವ್ಯಾಯಾಮ ಮಾಡಿಸೋರು ಒಂದು ಮಾತು ಹೇಳಿದ್ರು. ಬಚ್ಚಲ ಬಾಗಿಲು ಒಳಕ್ಕೆ ತೆಗೆಯೋ ಹಾಗೆ ಇರಬಾರದಂತೆ. ಹೊರಕ್ಕೆ ತೆಗೆಯೋ ಹಾಗಿರ್ಬೇಕಂತೆ. ಮರೀಬೇಡ.”

“ಆಯ್ತು ಸಿಸ್ಟರ್.”

ನರ್ಸಮ್ಮ ನೆಮ್ಮದಿಯಿಂದ ಫೋನಿಟ್ಟರು. ಅವರ ಲೆಕ್ಕದಲ್ಲಿ ಅದು ಮುಗಿದ ಮಾತು.

ಆಯ್ತಕ್ಕ ಮರೆಯಲಿಲ್ಲ, ಅದನ್ನು ಹೇಳಲೇಬೇಕು. ಮರುದಿನ ಬೆಳಿಗ್ಗೆ ಬಡಗಿ ಹಿತ್ತಲಲ್ಲಿ ಯಂತ್ರ ಹಾಕಿಕೊಂಡು ಹಲಗೆ ಹೆರೆಯುತ್ತಿದ್ದಾಗ ಅವಳು ಹಿತ್ತಲ ಬಾಗಿಲಲ್ಲಿ ನಿಂತೇ ಕೂಗಿದಳು. “ಬಚ್ಚಲ ಬಾಗಿಲು ಹೊರಕ್ಕೆ ತೆಗೆಯೋ ಹಾಗೆ ಮಾಡ್ಬೇಕಂತೆ!”

ಯಂತ್ರದ ಸದ್ದಿನಲ್ಲಿ ಬಡಗಿ ತಲೆಯೆತ್ತಿ, “ಆಯ್ತಕ್ಕಾ!” ಎಂದ.

ಅವಳು ಒಳಗೆ ಹೋಗಿ ಏಣಿ ಹತ್ತಿದಳು. ಬಚ್ಚಲು ಇದ್ದದ್ದು ಅವಳ ಏಣಿಯಿಂದ ನಾಲ್ಕು ಹೆಜ್ಜೆಗೆ. ಹೋಗಿ ನೋಡಲಿಲ್ಲ. ಗೋಡೆಯ ಬಣ್ಣ ಇನ್ನೂ ಹಸಿಯಿತ್ತು, ಎರಡನೇ ಕೋಟ್‌ಗೆ ಅಂಚು ಎಳೆಯಬೇಕಿತ್ತು.

ಸೋಮವಾರ ಸಂಜೆ ನರ್ಸಮ್ಮ ಗಾಲಿಕುರ್ಚಿಯನ್ನೇ ತಳ್ಳಿಕೊಂಡು ಬಂದರು, ಒಮ್ಮೆ ಪರೀಕ್ಷೆ ಮಾಡಿಬಿಡೋಣ ಎಂದು. ಇಳಿಜಾರಿನ ಕೆಳಗೆ ಕುರ್ಚಿ ನಿಲ್ಲಿಸಿ ತಾವೇ ಅದರಲ್ಲಿ ಕೂತರು. ತಳ್ಳಲು ಬಂದ ಗಾರೆಯವನಿಗೆ, “ಮುಟ್ಟಬೇಡ, ಅವನು ಮುಟ್ಟಿಸ್ಕೊಳಲ್ಲ” ಎಂದರು. ಎರಡು ಕೈಯಿಂದ ಗಾಲಿ ತಿರುಗಿಸುತ್ತ, ಏದುಸಿರು ಬಿಡುತ್ತ, ಇಳಿಜಾರು ಹತ್ತಿದರು. ಎಲ್ಲರೂ ಕೆಲಸ ನಿಲ್ಲಿಸಿ ಹಿಂದೆ ಹಿಂದೆ ಹೋದರು. ನಡುಮನೆ ದಾಟಿತು. ಕೋಣೆಯ ಬಾಗಿಲು ದಾಟಿತು. ಬಚ್ಚಲೊಳಕ್ಕೆ ಕುರ್ಚಿ ಸಲೀಸಾಗಿ ಹೋಯಿತು. ಬಾಗಿಲು ಮುಚ್ಚಿಕೊಳ್ಳಲು ಕುರ್ಚಿಯನ್ನು ಮೂಲೆಗೆ ಒತ್ತಿ, ಹೇಗೋ ಕಷ್ಟಪಟ್ಟು ಬಾಗಿಲು ಹಾಕಿದರು. ಚಿಲಕ ಬಿದ್ದ ಸದ್ದಾಯಿತು. ಆಯ್ತಕ್ಕನಿಗೆ ಆ ಸದ್ದು ಕೇಳಿ ಖುಷಿಯಾಯಿತು.

ಆಮೇಲೆ ಒಳಗಿನಿಂದ ಕುರ್ಚಿ ಗೋಡೆಗೆ ತಾಗುವ ಸದ್ದು. ಮತ್ತೊಮ್ಮೆ. ಚಿಲಕ ತೆಗೆದರು. ಬಾಗಿಲು ಅಂಗೈಯಷ್ಟು ತೆರೆದು ಗಾಲಿಗೆ ಬಡಿದು ನಿಂತಿತು.

“ಬಾಗಿಲು ಬರ್ತಿಲ್ಲ ಕಣಮ್ಮ!” ಒಳಗಿನಿಂದ ನರ್ಸಮ್ಮ ನಕ್ಕರು.

ನಲ್ಲಿಯವನೂ ನಕ್ಕ. “ಸಿಸ್ಟರ್, ಸ್ವಲ್ಪ ಹಿಂದಕ್ಕೆ ತಗೊಳ್ಳಿ.”

“ಹಿಂದೆ ಗೋಡೆ ಇದೆಯಪ್ಪಾ.”

“ಹಂಗಾದ್ರೆ ಸ್ವಲ್ಪ ತಿರುಗಿಸಿ.”

“ತಿರುಗಲ್ಲ.” ಈ ಸಲ ನಗುವಿರಲಿಲ್ಲ.

ಒಳಗೆ ಕುರ್ಚಿ ಮಡಚುವ ಸದ್ದಾಯಿತು. ಬಾಗಿಲು ತೆರೆಯಿತು. ನರ್ಸಮ್ಮ ಮಡಚಿದ ಕುರ್ಚಿ ಹಿಡಿದು ತಮ್ಮ ಎರಡು ಕಾಲ ಮೇಲೆ ನಿಂತಿದ್ದರು.

“ನಾನು ಎದ್ದು ನಿಂತೆ” ಎಂದರು ಮೆಲ್ಲಗೆ. “ಅವನು ಏಳ್ತಾನಾ?”

ಆಯ್ತಕ್ಕನಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು.

“ಹೊರಕ್ಕೆ ತೆಗೆಯೋ ಹಾಗಿರಲಿ ಅಂತ ಹೇಳಿದ್ನಲ್ಲಮ್ಮ. ನೀನು ಆಯ್ತು ಅಂದೆ.”

“ಆಯ್ತು ಅಂದ್ರೆ… ಹೇಳ್ತೀನಿ ಅಂತ ಸಿಸ್ಟರ್. ಹೇಳ್ದೆ. ಇವನು ಆಯ್ತಕ್ಕ ಅಂದ.”

ಬಡಗಿ ಬೆಚ್ಚಿಬಿದ್ದ. “ನಾನಾ? ನೀವು ‘ಬಚ್ಚಲ ಬಾಗಿಲು’ ಅಂತ ಕೂಗಿದ್ದು ಕೇಳಿಸ್ತು. ಅದು ಮುಗಿದುಹೋಗಿತ್ತಲ್ಲ, ಅದಕ್ಕೆ ‘ಆಯ್ತು, ಅಕ್ಕಾ’ ಅಂದೆ.” ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಇನ್ನೂ ಗಾಬರಿಯಾಗಿ, “ಅಲ್ಲದೆ ಎಲ್ಲರೂ ನಿಮ್ಮನ್ನ ಕರೆಯೋದೇ ಆಯ್ತಕ್ಕ ಅಂತ ಅಲ್ವಾ! ನಾನು ಏನಂತ ಕೂಗಿದ್ರೂ ಅದೇ ಆಗ್ತಿತ್ತು” ಎಂದ.

ಬೇರೆ ದಿನವಾಗಿದ್ದರೆ ಇದಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದು ಪದ ಮೂರು ಬಾಯಿ ಸುತ್ತಿ ಬಂದಿತ್ತು. ಒಬ್ಬಳಿಗೆ ಅದು ‘ಹೇಳ್ತೀನಿ’, ಇನ್ನೊಬ್ಬನಿಗೆ ‘ಮುಗೀತು’, ಮತ್ತೊಬ್ಬರಿಗೆ ‘ನೀವು ಹೇಳಿದ ಹಾಗೆಯೇ ಆಗಿದೆ’. ಮೂವರೂ ಸುಳ್ಳು ಹೇಳಿರಲಿಲ್ಲ. ಬಾಗಿಲು ಮಾತ್ರ ಒಳಕ್ಕೇ ತೆರೆಯುತ್ತಿತ್ತು.

ನರ್ಸಮ್ಮ ಬೈಯಲಿಲ್ಲ. ಕುರ್ಚಿಯನ್ನು ಗೋಡೆಗೆ ಒರಗಿಸಿ ಹೊರಟುಹೋದರು. ಬೈದಿದ್ದರೇ ಚೆನ್ನಾಗಿತ್ತು.

ಆಯ್ತಕ್ಕ ಅಲ್ಲಿಂದ ನೇರ ಮೇಸ್ತ್ರಿಯ ಮನೆಗೆ ಹೋದಳು. ಮೇಸ್ತ್ರಿ ಕಪ್ಪು ಕನ್ನಡಕದಲ್ಲೇ ಟೀ ಕುಡಿಯುತ್ತಿದ್ದರು. ಎಲ್ಲವನ್ನೂ ಹೇಳಿ, “ನನ್ನ ಕೈಲಿ ಆಗಲ್ಲ ಮೇಸ್ತ್ರೀ. ಬೇರೆಯವರಿಗೆ ಒಪ್ಪಿಸಿಬಿಡಿ” ಎಂದಳು.

“ಈಗ ಅಂದೆಯಲ್ಲ, ಅದನ್ನ ಮೊದಲು ಎಲ್ಲಾದ್ರೂ ಅಂದಿದ್ಯಾ?”

“ಯಾವುದನ್ನ?”

“ಆಗಲ್ಲ ಅನ್ನೋದನ್ನ.”

ಅವಳು ಇಲ್ಲವೆಂದು ತಲೆಯಾಡಿಸಿದಳು.

“ನೀನು ಅನ್ನೋ ‘ಆಯ್ತು’ ಒಂದು ಪದ, ನಾನು ಅನ್ನೋ ‘ನೋಡೋಣ’ ಇನ್ನೊಂದು” ಎಂದರು ಮೇಸ್ತ್ರಿ. “ಎರಡೂ ಒಂದೇ ಜಾತಿ. ಎದುರಿಗಿರೋರ ಬಾಯಿ ಮುಚ್ಚಿಸೋಕೆ. ನನಗೆ ವಯಸ್ಸಾಯ್ತು, ಜನ ನನ್ನ ‘ನೋಡೋಣ’ನ ಅರ್ಥ ಮಾಡ್ಕೊಂಡು ಬಿಟ್ಟಿದಾರೆ. ನೀನು ಹೊಸಬಳು. ಅದು ಬಿಡು. ನೀನು ಆ ಹೊತ್ತಲ್ಲಿ ಎಲ್ಲಿದ್ದೆ?”

“ಏಣಿ ಮೇಲೆ.”

“ಯಾಕೆ?”

“ಬಣ್ಣ ಹೊಡೀತಿದ್ದೆ.”

“ನಾನು ಯಾವತ್ತಾದ್ರೂ ಮನೆ ನೋಡ್ಕೊಳೋವಾಗ ಬ್ರಷ್ ಹಿಡಿದಿದ್ದು ಕಂಡಿದ್ಯಾ? ನನಗೂ ಆಸೆ ಆಗ್ತಿತ್ತಮ್ಮ. ಕೈ ತುರಿಸೋದು. ಜೇಬಿಗೆ ಕೈ ಹಾಕ್ಕೊಂಡು ಓಡಾಡ್ತಿದ್ದೆ.” ಮೇಸ್ತ್ರಿ ಲೋಟವನ್ನು ಕೆಳಗಿಡಲು ತಡಕಾಡಿದರು, ಅವಳು ತೆಗೆದುಕೊಂಡಳು. “ಹೋಗು. ಬೇರೆಯವರು ಯಾರೂ ಇಲ್ಲ. ಇದ್ದಿದ್ರೆ ನಿನ್ನನ್ನ ಕರೀತಿದ್ನಾ?” ಎಂದು ನಕ್ಕರು. ಅದು ಹೊಗಳಿಕೆಯೋ ತೆಗಳಿಕೆಯೋ ಅವಳಿಗೆ ಗೊತ್ತಾಗಲಿಲ್ಲ. ಆದರೆ ಮನೆಗೆ ಹೋಗುವಾಗ ಕಾಲು ಸ್ವಲ್ಪ ಹಗುರಾಗಿತ್ತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ರೋಲರ್ ತೊಳೆದು, ಏಣಿಯನ್ನು ಹಿತ್ತಲಲ್ಲಿ ಮಲಗಿಸಿದಳು. ಬಡಗಿ, ನಲ್ಲಿಯವನು, ಗಾರೆಯವನು ಮೂವರನ್ನೂ ಬಚ್ಚಲ ಮುಂದೆ ನಿಲ್ಲಿಸಿಕೊಂಡಳು.

“ಇವತ್ತಿಂದ ಈ ಮನೇಲಿ ಯಾರೂ ‘ಆಯ್ತು’ ಅನ್ನೋ ಹಾಗಿಲ್ಲ. ‘ಮಾಡ್ತೀನಿ’ ಅನ್ನಿ. ‘ಮಾಡ್ತಿದೀನಿ’ ಅನ್ನಿ. ‘ಮಾಡ್ದೆ’ ಅನ್ನಿ. ‘ಮಾಡ್ದೆ’ ಅಂದೋರು ನನ್ನನ್ನ ಕರ್ಕೊಂಡು ಹೋಗಿ ತೋರಿಸ್ಬೇಕು.”

ಮೂವರೂ ಒಟ್ಟಿಗೆ, “ಆಯ್…” ಎಂದು ನಾಲಗೆ ಕಚ್ಚಿಕೊಂಡರು.

“ಇದೇನು ಸ್ಕೂಲಾ?” ಎಂದು ಬಡಗಿ ಗೊಣಗಿದ.

“ಅವನಿಗೆ ಹೇಳಿ ಅಕ್ಕಾ, ಸ್ಕೂಲಿಗೆ ಹೋಗಿದ್ರೆ ಬಾಗಿಲು ನೆಟ್ಟಗಿರ್ತಿತ್ತು ಅಂತ” ಎಂದ ನಲ್ಲಿಯವನು.

“ಹೇಳಲ್ಲ” ಎಂದಳು ಅವಳು. “ಅವನು ಇಲ್ಲೇ ನಿಂತಿದಾನೆ, ನೀನೇ ಹೇಳು. ಇನ್ಮೇಲೆ ನಾನು ಯಾರ ಮಾತನ್ನೂ ಹೊತ್ತು ಹಾಕಲ್ಲ.”

ನಲ್ಲಿಯವನು ಬಡಗಿಯನ್ನು ನೋಡಿದ. ಬಡಗಿ ನಲ್ಲಿಯವನನ್ನು ನೋಡಿದ. ಎಷ್ಟೋ ದಿನದ ಮೇಲೆ ಎದುರುಬದುರು ನೋಡಿದ್ದಕ್ಕೋ ಏನೋ, ಇಬ್ಬರಿಗೂ ನಾಚಿಕೆಯಾಯಿತು.

“ಬಾಗಿಲು ತಿರುಗಿಸಿ ಹಾಕೋಕೆ ಏನು ಬೇಕು?” ಎಂದು ಅವಳು ಕೇಳಿದಳು. ಬರೀ ಕೀಲು ಬದಲಿಸಿದರೆ ಸಾಲದು ಎಂದ ಬಡಗಿ. ಚೌಕಟ್ಟನ್ನೇ ಕಿತ್ತು ತಿರುಗಿಸಿ ಕೂರಿಸಬೇಕು. ಕಿತ್ತರೆ ಸುತ್ತ ಗಾರೆ ಉದುರುತ್ತದೆ ಎಂದ ಗಾರೆಯವನು; ಮತ್ತೆ ಮೆತ್ತಿ ಒಣಗಲು ಬಿಡಬೇಕು. ಚೌಕಟ್ಟಿನ ಪಕ್ಕದಲ್ಲೇ ನನ್ನ ಪೈಪಿದೆ ಎಂದ ನಲ್ಲಿಯವನು. ಅದನ್ನು ಮೊದಲು ಸರಿಸಬೇಕು. ಅವಳು ಒಂದೊಂದನ್ನೂ ತಿರುಗಿಸಿ ಕೇಳಿದಳು: ಯಾವುದು ಮೊದಲು, ಯಾವುದು ಆಮೇಲೆ, ಯಾವಾಗ ಮುಗಿಯುತ್ತೆ. ಅವರು ಹೇಳಿದ್ದನ್ನೆಲ್ಲ ಕೂಡಿಸಿ ನೋಡಿದಳು. ಬಾಗಿಲು ಶುಕ್ರವಾರದೊಳಗೆ ಆಗುತ್ತದೆ. ಆದರೆ ಗಾರೆ, ಧೂಳು, ಒಡೆತ ಎಲ್ಲ ಮುಗಿಯುವ ಹೊತ್ತಿಗೆ ಬಣ್ಣಕ್ಕೆ ಹೊತ್ತಿಲ್ಲ. ಅವಳು ಅವಸರದಲ್ಲಿ ಹೊಡೆದಿದ್ದ ಒಳಕೋಣೆಯ ಬಣ್ಣದ ಮೇಲೂ ಧೂಳು ಕೂತು ಹಾಳಾಗುತ್ತದೆ. ಡ್ರೈವರ್ ಬರುವ ದಿನ ಮನೆ ಮಚ್ಚೆ ಮಚ್ಚೆಯಾಗಿರುತ್ತದೆ.

ಇದನ್ನು ನರ್ಸಮ್ಮನಿಗೆ ಹೇಳಬೇಕು.

ಮಧ್ಯಾಹ್ನ ಆಸ್ಪತ್ರೆಗೆ ಹೋದಳು. ಫೋನಿನಲ್ಲಿ ಹೇಳಬಹುದಿತ್ತು, ಫೋನಿನ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕಾಯುವಾಗ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ತಿರುತಿರುಗಿ ಹೇಳಿಕೊಂಡಳು. ನರ್ಸಮ್ಮ ಬಂದು ಎದುರು ನಿಂತರು.

“ಸಿಸ್ಟರ್, ಒಂದು ಆಗುತ್ತೆ, ಒಂದು ಆಗಲ್ಲ.”

ನರ್ಸಮ್ಮ ಕಾದರು.

“ಶುಕ್ರವಾರ ಬೆಳಿಗ್ಗೆ ಹೊತ್ತಿಗೆ ಬಚ್ಚಲ ಬಾಗಿಲು ಹೊರಕ್ಕೆ ತೆಗೆಯೋ ಹಾಗೆ ಆಗುತ್ತೆ. ನಾನೇ ಕುರ್ಚೀಲಿ ಕೂತು ನೋಡಿರ್ತೀನಿ. ಬಣ್ಣ ಆಗಲ್ಲ. ಗೋಡೆ ಕೆಟ್ಟದಾಗಿ ಕಾಣುತ್ತೆ. ಅವರು ಬರೋ ದಿನ ಮನೆ ಚೆಂದ ಇರಲ್ಲ. ಬಣ್ಣ ಬೇಕೇ ಬೇಕು ಅಂದ್ರೆ, ಅವರು ಬರೋದನ್ನ ಮುಂದಕ್ಕೆ ಹಾಕ್ಬೇಕು. ತಪ್ಪು ನನ್ನದು. ನಾನು ಹೋಗಿ ನೋಡ್ಬೇಕಿತ್ತು, ನೋಡಲಿಲ್ಲ.”

ಇಷ್ಟು ದೊಡ್ಡ ಮಾತನ್ನು ಅವಳು ಜೀವನದಲ್ಲಿ ಒಟ್ಟಿಗೆ ಆಡಿರಲಿಲ್ಲ. ಆಡಿ ಮುಗಿಸಿ, ಬೈಗುಳಕ್ಕೆ ತಲೆ ತಗ್ಗಿಸಿ ಕೂತಳು.

ನರ್ಸಮ್ಮ ಅವಳ ಪಕ್ಕ ಬೆಂಚಿನ ಮೇಲೆ ಕೂತುಬಿಟ್ಟರು. ದೀರ್ಘವಾಗಿ ಉಸಿರು ಬಿಟ್ಟರು. “ಉಶ್ಶಪ್ಪಾ” ಎಂದರು. “ಅವನು ಬಿದ್ದಾಗಿಂದ ಯಾರನ್ನ ಏನು ಕೇಳಿದ್ರೂ ‘ಆಗುತ್ತೆ, ಆಗುತ್ತೆ, ಚಿಂತೆ ಮಾಡ್ಬೇಡಿ’ ಅಂತಾರೆ ಕಣಮ್ಮ. ನಾನೇ ಅಷ್ಟು ವರ್ಷ ಎಷ್ಟು ಜನಕ್ಕೆ ಹಾಗೇ ಹೇಳಿದೀನೋ. ಇದು ಆಗುತ್ತೆ, ಇದು ಆಗಲ್ಲ ಅಂತ ಬಿಡಿಸಿ ಹೇಳಿದ್ದು ನೀನೊಬ್ಬಳು.” ಆಮೇಲೆ ಕೇಳಿದರು, “ಬಾಗಿಲು ಗ್ಯಾರಂಟಿನಾ?”

“ಗ್ಯಾರಂಟಿ. ಆಗದೇ ಇರೋ ಹಾಗೆ ಕಂಡ್ರೆ ಗುರುವಾರ ಮಧ್ಯಾಹ್ನಾನೇ ಹೇಳ್ತೀನಿ. ಶುಕ್ರವಾರಕ್ಕೆ ಬಿಡಲ್ಲ.”

“ಗೋಡೆ ಹಾಳಾಗಿ ಹೋಗ್ಲಿ” ಎಂದರು ನರ್ಸಮ್ಮ. “ಅವನು ಮನೆಗೆ ಬರ್ತಿರೋದು ಬಚ್ಚಲಿಗೋಸ್ಕರ, ಗೋಡೆಗಲ್ಲ.” ಹೇಳಿದ ಮೇಲೆ ತಮ್ಮ ಮಾತು ಎಷ್ಟು ತಮಾಷೆಯಾಗಿದೆ ಎಂದು ಅವರಿಗೇ ಗೊತ್ತಾಯಿತು. ಇಬ್ಬರೂ ನಕ್ಕರು. ಬೆಂಚಿನ ಆ ತುದಿಯಲ್ಲಿ ತೂಕಡಿಸುತ್ತಿದ್ದವರು ಎಚ್ಚೆತ್ತು ನೋಡುವಷ್ಟು ನಕ್ಕರು.

ಆಮೇಲಿನ ದಿನಗಳಲ್ಲಿ ಆಯ್ತಕ್ಕ ಬ್ರಷ್ ಮುಟ್ಟಲಿಲ್ಲ. ಕೈ ಸುಮ್ಮನಿರಲು ಕೇಳದಿದ್ದಾಗ ಸೆರಗನ್ನು ಸೊಂಟಕ್ಕೆ ಬಿಗಿದು ಬಚ್ಚಲಿಗೂ ಹಿತ್ತಲಿಗೂ ಅಲೆದಳು. ಬಡಗಿ “ಮಾಡ್ದೆ” ಎಂದಾಗಲೆಲ್ಲ “ತೋರಿಸು” ಎಂದಳು. ಕೊನೆಗೆ ಅವನು ಟೀ ಕುಡಿದು ಮುಗಿಸಿದರೂ, “ಟೀ ಕುಡಿದೆ ಅಕ್ಕಾ, ತೋರಿಸ್ಲಾ?” ಎಂದು ಲೋಟ ಬಗ್ಗಿಸಿ ತೋರಿಸುವಷ್ಟಕ್ಕೆ ಹೋಯಿತು. ಚೌಕಟ್ಟು ಎತ್ತಿ ಕೂರಿಸುವ ಹೊತ್ತಿಗೆ ಒಬ್ಬನ ಬಲ ಸಾಲದೆ ನಲ್ಲಿಯವನು ಹೆಗಲು ಕೊಟ್ಟ. “ನೆಟ್ಟಗೆ ಹಿಡಿಯೋ” ಎಂದು ಬಡಗಿ ನೇರವಾಗಿ ಅವನನ್ನೇ ಬೈದ. ಅದೇ ಅವರ ರಾಜಿ.

ಶುಕ್ರವಾರ ಹೊತ್ತೇರಿದ ಮೇಲೆ ಆಂಬುಲೆನ್ಸ್ ಬಂತು. ಡ್ರೈವರ್ ಎಂದರೆ ದೊಡ್ಡ ಮೀಸೆಯ ಗಟ್ಟಿ ಆಳು ಎಂದುಕೊಂಡಿದ್ದಳು ಆಯ್ತಕ್ಕ. ಕುರ್ಚಿಯಲ್ಲಿ ಇದ್ದವನು ಸೊರಗಿದವನು, ಕುತ್ತಿಗೆಗೆ ಅಂಗಿಯ ಕಾಲರು ದೊಗಳೆಯಾದವನು. ಆದರೆ ದನಿ ಬಸ್ಸಿನದೇ. “ಎಲ್ಲಾ ಪಕ್ಕಕ್ಕೆ ಸರೀರಪ್ಪಾ, ಬ್ರೇಕ್ ಹೊಸದು!” ಎಂದು ಕೂಗಿ ಇಳಿಜಾರು ಹತ್ತಿದ. ನಡುಮನೆಯಲ್ಲಿ ನಿಂತು ಮಚ್ಚೆ ಬಿದ್ದ ಗೋಡೆಗಳನ್ನು ಒಮ್ಮೆ ನೋಡಿದ. “ಏನಕ್ಕಾ, ಮನೆಗೆ ಸಿಡುಬು ಬಂದಿದ್ಯಾ?” ಎಂದು ಅಕ್ಕನನ್ನು ಕೇಳಿದ. ಉತ್ತರಕ್ಕೆ ಕಾಯಲಿಲ್ಲ. ಕುರ್ಚಿ ತಿರುಗಿಸಿ ನೇರ ಬಚ್ಚಲಿಗೆ ಹೋದ. ಹೊರಕ್ಕೆ ತೆರೆದಿದ್ದ ಬಾಗಿಲನ್ನು ಹಿಡಿದೆಳೆದು, ಮುಚ್ಚಿಕೊಂಡ. ಚಿಲಕ ಬಿತ್ತು.

ಹೊರಗೆ ಐದು ಜನ ಸಾಲಾಗಿ ನಿಂತಿದ್ದರು. ಬಚ್ಚಲ ಬಾಗಿಲ ಮುಂದೆ ಹೀಗೆ ಕಾಯುವುದು ಸಭ್ಯತೆಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು; ಆದರೂ ಯಾರ ಕಾಲೂ ಕದಲಲಿಲ್ಲ. ಆಯ್ತಕ್ಕ ತಾನೇ ಕೂತು, ಮುಚ್ಚಿ, ತೆರೆದು ಎಷ್ಟು ಸಲ ನೋಡಿದ್ದಳೋ. ಆದರೂ ಅವಳ ಕಿವಿ ಬಾಗಿಲಿಗೇ ಅಂಟಿಕೊಂಡಿತ್ತು. ನೀರು ಬಿದ್ದ ಸದ್ದು. ನಿಂತ ಸದ್ದು. ಕುರ್ಚಿಯ ಗಾಲಿ ಒಮ್ಮೆ ಕಿರುಗುಟ್ಟಿತು.

ಬಾಗಿಲು ತೆರೆಯಿತು. ಅಷ್ಟು ಜನರನ್ನು ಸಾಲಾಗಿ ಕಂಡು ಡ್ರೈವರ್ ದಂಗಾದ.

“ಇದೇನು, ಬಸ್ ಸ್ಟಾಪಾ?”

ನರ್ಸಮ್ಮ ಮುಖ ತಿರುಗಿಸಿ ಅಡುಗೆಮನೆಗೆ ಹೋಗಿಬಿಟ್ಟರು. ಒಳಗಿನಿಂದ ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳಿತು. ಬಡಗಿ ನಲ್ಲಿಯವನ ಬೆನ್ನಿಗೆ ಗುದ್ದಿದ. ಆಯ್ತಕ್ಕ ಅಲ್ಲೇ ಗೋಡೆಗೆ ಒರಗಿ, ನಿಧಾನವಾಗಿ ಜಾರಿ ನೆಲದ ಮೇಲೆ ಕೂತಳು. ಬೆನ್ನೆಲ್ಲ ಸುಣ್ಣವಾಯಿತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಬಣ್ಣ ಮಾತ್ರ ಬಾಕಿ ಉಳಿಯಿತು. ಮುಂದಿನ ವಾರ ಅವಳೊಬ್ಬಳೇ ಬಂದು ಒಂದೊಂದೇ ಕೋಣೆ ಮುಗಿಸಿದಳು. ಡ್ರೈವರ್ ಹಿಂದಿನಿಂದ ಉಸ್ತುವಾರಿ ಮಾಡಿದ. “ಅಕ್ಕಾವ್ರೇ, ಎಡಗಡೆ ಒಂದು ಚೂರು ಬಿಟ್ಟಿದೀರ.” “ಬಿಟ್ಟಿಲ್ಲ, ಅದು ನೆರಳು.” “ನೆರಳಿಗೂ ಒಂದು ಕೋಟ್ ಹಾಕಿ.” “ಹಾಕಲ್ಲ.” ಹೀಗೆ ದಿನವೆಲ್ಲ. ಮಧ್ಯೆ ಮಧ್ಯೆ ಅವನು ಬಚ್ಚಲಿಗೆ ಹೋಗಿ ಬರುತ್ತಿದ್ದ. ಯಾರೂ ತಿರುಗಿಯೂ ನೋಡುತ್ತಿರಲಿಲ್ಲ.

ಅತ್ತೆಗೆ ವಿಷಯವೆಲ್ಲ ದರ್ಜಿಯಿಂದ ತಿಳಿದಿತ್ತು. “ನೀನು ‘ಆಗಲ್ಲ’ ಅಂದೆಯಂತೆ, ಹೌದಾ?” ಎಂದು ಅನುಮಾನದಿಂದ ಕೇಳಿದರು. ಹೌದೆಂದಾಗ ಸ್ವಲ್ಪ ಹೊತ್ತು ಯೋಚಿಸಿ, “ಹೊರಗಡೆ ಅಂದ್ಕೋ, ಮನೇಲಿ ಬೇಡ” ಎಂದರು.

ಕೊನೆಯ ದಿನ ಅವಳು ಗೋಡೆಗಳನ್ನು ಒಂದು ಸುತ್ತು ನೋಡಿ, ನೆಲದ ಮೇಲೆ ಹಾಸಿದ ಹಳೆಯ ಬಟ್ಟೆಗಳನ್ನು ಸುತ್ತಿದಳು. ನರ್ಸಮ್ಮ ಕೆಲಸಕ್ಕೆ ಹೋಗಿದ್ದರು. ಏಣಿ ಹೆಗಲಿಗೇರಿಸಿದಳು. ಇನ್ನೊಂದು ಕೈಯಲ್ಲಿ ಬ್ರಷ್ಷುಗಳ ಚೀಲ. ಉಳಿದ ಬಣ್ಣದ ಡಬ್ಬಕ್ಕೆ ಕೈಯಿರಲಿಲ್ಲ.

“ಇಲ್ಲಿ ಕೊಡಿ” ಎಂದ ಡ್ರೈವರ್.

“ಬೇಡ, ಇನ್ನೊಂದು ಸಲ ಬಂದು ತಗೊಂಡು ಹೋಗ್ತೀನಿ.”

“ಕೊಡ್ರೀ. ಸೀಟ್ ಖಾಲಿ ಇದೆ.”

ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅವನು ಮುಂಬಾಗಿಲು ದಾಟಿದ. ಮನೆಗೆ ಬಂದ ದಿನದಿಂದ ಅವನು ಹೊಸ್ತಿಲು ದಾಟಿ ಹೊರಗೆ ಬಂದಿರಲಿಲ್ಲ. ಇಳಿಜಾರಿನ ತುದಿಯಲ್ಲಿ ಒಂದು ಕ್ಷಣ ತಡೆದು ಬೀದಿಯನ್ನು ಆಚೆ ಈಚೆ ನೋಡಿದ. ಆಮೇಲೆ ಗಾಲಿಗಳನ್ನು ಅಂಗೈಯಲ್ಲಿ ಒತ್ತಿ ಹಿಡಿಯುತ್ತ, ಬಿಡುತ್ತ, ಸರಾಗವಾಗಿ ಗೇಟಿನ ತನಕ ಇಳಿದ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಯಾರೋ ಗುರುತು ಹಿಡಿದು ಬೆಲ್ ಹೊಡೆದರು. ಅವನು ಕೈಯೆತ್ತಿದ.

ಗೇಟಿನ ಹೊರಗೆ ಡಬ್ಬ ಇಳಿಸಿ, ಕುರ್ಚಿ ತಿರುಗಿಸಿದ. ಹತ್ತುವುದು ಇಳಿದಷ್ಟು ಸುಲಭವಲ್ಲ. ಅರ್ಧಕ್ಕೆ ಬಂದಾಗ ಕುರ್ಚಿ ನಿಂತಿತು, ಒಂದಿಷ್ಟು ಹಿಂದಕ್ಕೆ ಜರುಗಿತು. ಓಡಿ ಹೋಗಿ ತಳ್ಳಬೇಕೆಂದು ಅವಳ ಕೈಗಳಿಗೆ ಅನ್ನಿಸಿತು. ಚೀಲ ಕೆಳಗಿಟ್ಟು, ಎರಡು ಕೈಯಿಂದಲೂ ಏಣಿಯನ್ನು ಗಟ್ಟಿಯಾಗಿ ಹಿಡಿದು ನಿಂತಳು. ಅವನು ಉಸಿರೆಳೆದುಕೊಂಡು, ಮುಂದಕ್ಕೆ ಬಾಗಿ, ಮತ್ತೊಮ್ಮೆ ಗಾಲಿ ಒತ್ತಿದ. ಕುರ್ಚಿ ಮೇಲೇರಿತು. ಬಾಗಿಲು ದಾಟಿತು.

“ಗೇಟ್ ಹಾಕ್ಕೊಂಡು ಹೋಗಿ ಅಕ್ಕಾವ್ರೇ, ನಾಯಿ ನುಗ್ಗುತ್ತೆ!” ಒಳಗಿನಿಂದ ಕೂಗು ಬಂತು.

ಅವಳು “ಹ್ಞೂಂ” ಎಂದು ಗೇಟು ಹಾಕಿದಳು. ಕೊಂಡಿ ಸರಿಯಾಗಿ ಬಿದ್ದಿದೆಯೇ ಎಂದು ಒಮ್ಮೆ ಅಲುಗಾಡಿಸಿ ನೋಡಿ, ಏಣಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಅದಕ್ಕೇ ಚೀಲ ನೇತುಹಾಕಿ, ಡಬ್ಬ ಎತ್ತಿಕೊಂಡು, ಬಿಸಿಲಿಗೆ ಕಣ್ಣು ಕಿರಿದಾಗಿಸಿ ಬೀದಿಯಲ್ಲಿ ನಡೆದಳು.